ಗಾಳಿ ಊದಿದ ಶಿರಸ್ತ್ರಾಣ

ಲುಬ್ಧಕ ನಕ್ಷತ್ರದಿಂದ ಪೂರ್ವಕ್ಕೆ, ಕೊಂಚ ಉತ್ತರಕ್ಕೆ ವಾಲಿ ಸುಮಾರು 9 ಡಿಗ್ರಿ ಸರಿದರೆ ಬರಿಗಣ್ಣಿಗೆ ಏನೂ ಸಿಗದು. ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಗಂಟೆಗಟ್ಟಲೆ ಬೆಳಕು ಕೂಡಿಹಾಕಿದರೆ ಅಲ್ಲಿ ನೀಲಿ-ಹಸಿರು ಗುಳ್ಳೆಯೊಂದು ಮೂಡುತ್ತದೆ, ಅದರ ಆಚೀಚೆ ಎರಡು ರೆಕ್ಕೆ. ಎನ್‌ಜಿಸಿ 2359 ಎಂಬ ಈ ನೀಹಾರಿಕೆಗೆ ‘ಥಾರ್‌ನ ಶಿರಸ್ತ್ರಾಣ’ ಎಂಬ ಅಡ್ಡಹೆಸರಿದೆ. ವಿಲಿಯಂ ಹರ್ಷೆಲ್ 1785ರಲ್ಲೇ ಇದನ್ನು ಕಂಡಿದ್ದ. 2012ರಲ್ಲಿ ಯುರೋಪಿಯನ್ ಸದರ್ನ್ ಅಬ್ಸರ್ವೇಟರಿ ತನ್ನ 50ನೇ ವರ್ಷಕ್ಕೆ ಚಿಲಿಯಲ್ಲಿರುವ ದೈತ್ಯ ದೂರದರ್ಶಕದಿಂದ ಯಾವ ಚಿತ್ರ ತೆಗೆಯಬೇಕೆಂದು ಜನರನ್ನೇ ಕೇಳಿತು. ಮತ ಬಿದ್ದದ್ದು ಇದಕ್ಕೆ.

ಗುಳ್ಳೆ ಊದಿದ್ದು ಒಂದೇ ನಕ್ಷತ್ರ. ಅದು ವುಲ್ಫ್-ರಾಯೆ ಜಾತಿಯದು. 1867ರಲ್ಲಿ ಪ್ಯಾರಿಸ್ ವೀಕ್ಷಣಾಲಯದ ಇಬ್ಬರು ಖಗೋಳಜ್ಞರು ಇಂಥವನ್ನು ಮೊದಲು ಗುರುತಿಸಿದ್ದರಿಂದ ಅವರ ಹೆಸರೇ ನಿಂತಿತು. ಹೊರಗಿನ ಹೈಡ್ರೋಜನ್ ಹೊದಿಕೆಯನ್ನು ಬಹುಮಟ್ಟಿಗೆ ಕಳೆದುಕೊಂಡು, ಕುದಿಯುವ ಒಡಲು ತೆರೆದು ನಿಂತ ಭಾರೀ ನಕ್ಷತ್ರಗಳಿವು. ನಮ್ಮ ಸೂರ್ಯನ ಗಾಳಿ ಸೆಕೆಂಡಿಗೆ ಸುಮಾರು 400 ಕಿ.ಮೀ. ಸಾಗಿದರೆ ಇವುಗಳದ್ದು ಸಾವಿರ ದಾಟುತ್ತದೆ. ಆ ರಭಸ ಸುತ್ತಲಿನ ಅನಿಲವನ್ನು ಗುಡಿಸಿ ಅಂಚಿಗೆ ಒತ್ತುತ್ತದೆ. ನಕ್ಷತ್ರದ ಅತಿನೇರಳೆ ಕಿರಣ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತು ಆ ಅನಿಲವನ್ನು ಹೊಳೆಯಿಸುತ್ತದೆ.

ಹೊಳಪು ಎಲ್ಲ ಬಣ್ಣಗಳಲ್ಲಿ ಹರಡಿಲ್ಲ ಎಂಬುದೇ ಛಾಯಾಗ್ರಾಹಕನ ಅದೃಷ್ಟ. ಹೈಡ್ರೋಜನ್ 656.3 ನ್ಯಾನೋಮೀಟರ್‌ನ ಕೆಂಪು ಸೂಸಿದರೆ, ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕದ ಮುಖ್ಯ ಹೊಳಪು 500.7ರಲ್ಲಿದೆ. ಕೆಲವೇ ನ್ಯಾನೋಮೀಟರ್ ಅಗಲದ ಫಿಲ್ಟರ್ ಹಾಕಿದರೆ ಊರ ಬೆಳಕಿನ ಬಹುಪಾಲು ಹೊರಗುಳಿಯುತ್ತದೆ. ಮಾಮೂಲಿ ಡಿಎಸ್‌ಎಲ್‌ಆರ್‌ಗೆ ಇನ್ನೊಂದು ತೊಡಕಿದೆ: ಸಂವೇದಕದ ಮುಂದಿನ ಗಾಜು ಆ ಗಾಢ ಕೆಂಪಿನ ಹೆಚ್ಚಿನ ಭಾಗವನ್ನು ತಡೆಯುತ್ತದೆ. ಹವ್ಯಾಸಿಗಳು ಅದನ್ನು ಬದಲಿಸಿಕೊಳ್ಳುವುದು ಇದಕ್ಕೇ. ಈ ನೀಹಾರಿಕೆಯಲ್ಲಂತೂ ಆಮ್ಲಜನಕದ್ದೇ ದರ್ಬಾರು.

ಉಳಿದದ್ದು ತಾಳ್ಮೆಯ ಕೆಲಸ. ಭೂಮಿಯ ಸುತ್ತುವಿಕೆಗೆ ಸರಿಯಾಗಿ ಕ್ಯಾಮೆರಾ ತಿರುಗಿಸುವ ಪೀಠದ ಮೇಲೆ ಹಲವು ನಿಮಿಷಗಳ ಚಿತ್ರಗಳನ್ನು ಸಾಲಾಗಿ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಬೇಕು. ಚಿತ್ರಗಳ ಸಂಖ್ಯೆ ನಾಲ್ಕು ಪಟ್ಟಾದರೆ ಸ್ಪಷ್ಟತೆ ಎರಡೇ ಪಟ್ಟು. ಜಿಪುಣ ಲೆಕ್ಕ, ಆದರೆ ಅಡ್ಡದಾರಿಯಿಲ್ಲ.

ಕರ್ನಾಟಕದವರಿಗೆ ಇದು ಒಳ್ಳೆಯ ಗುರಿ. ಬೆಂಗಳೂರಿನ ಅಕ್ಷಾಂಶದಲ್ಲಿ ದಕ್ಷಿಣ ದಿಗಂತದಿಂದ 60 ಡಿಗ್ರಿಗೂ ಮೇಲೆ ಏರುತ್ತದೆ. ಫೆಬ್ರವರಿ ಮೊದಲ ವಾರದಲ್ಲಿ, ಚಂದ್ರನಿಲ್ಲದ ರಾತ್ರಿ ಹತ್ತೂವರೆಯ ಆಸುಪಾಸಿನಲ್ಲಿ ಪ್ರಯತ್ನಿಸಿ.