ಹೊಸ ಮನೆಯಲ್ಲಿ ಹಾಲುಕ್ಕಿದ ಮೇಲೆಯೇ ಹಳೆಯ ಮನೆ ಖಾಲಿ

ಕನ್ನಡ ವಿಕಿಪೀಡಿಯದಲ್ಲಿ ‘ಹಂಪಿ’ ಎಂದು ಹುಡುಕಿದರೆ ಕ್ಷಣದಲ್ಲಿ ಪುಟಗಳ ಪಟ್ಟಿ ಬರುತ್ತದೆ. ಯಾವ ಪದ ಯಾವ ಪುಟದಲ್ಲಿದೆ ಎಂದು ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುತ್ತದಲ್ಲ, ಅಂಥದೇ ಒಂದು ಇಂಡೆಕ್ಸ್ ಇದರ ಹಿಂದಿದೆ. ವಿಕಿಮೀಡಿಯ ಫೌಂಡೇಶನ್ ಅದನ್ನು ಅಮೆರಿಕದ ವರ್ಜೀನಿಯ ಮತ್ತು ಟೆಕ್ಸಸ್‌ನ ಎರಡು ಡೇಟಾ ಸೆಂಟರ್‌ಗಳಲ್ಲಿ ಇಟ್ಟುಕೊಂಡಿದೆ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು.

ನೋಯ್ಡಾ, ಗುರುಗ್ರಾಮದಲ್ಲಿ ನನ್ನಂಥ ಹಲವು ಕನ್ನಡಿಗರ ಹೊಟ್ಟೆಪಾಡು ಇಂಥ ಇಂಡೆಕ್ಸ್‌ಗಳನ್ನು ಕಾಯುವುದು. 2004ರಲ್ಲಿ ಯೋನಿಕ್ ಸೀಲಿ ಶುರುಮಾಡಿದ ಸೋಲರ್, 2010ರಲ್ಲಿ ಶೇ ಬ್ಯಾನನ್ ಹೊರತಂದ ಇಲಾಸ್ಟಿಕ್‌ಸರ್ಚ್ ನಮ್ಮ ಮುಖ್ಯ ಸಲಕರಣೆಗಳು. ಎರಡಕ್ಕೂ ಅಡಿಪಾಯ ಲೂಸೀನ್. ದೊಡ್ಡ ಇಂಡೆಕ್ಸನ್ನು ತುಂಡು ಮಾಡಿದರೆ ಒಂದೊಂದು ತುಂಡು ಶಾರ್ಡ್. ಅದರ ನಕಲು ರೆಪ್ಲಿಕಾ. ಅದು ಕೂರುವ ಯಂತ್ರ ನೋಡ್. ಒಂದೇ ಶಾರ್ಡಿನ ಎರಡು ಪ್ರತಿಗಳನ್ನು ಇಲಾಸ್ಟಿಕ್‌ಸರ್ಚ್ ಒಂದೇ ನೋಡ್‌ನಲ್ಲಿ ಇಡುವುದಿಲ್ಲ. ಮೂಲ, ಜೆರಾಕ್ಸ್ ಎರಡನ್ನೂ ಒಂದೇ ಬೀರುವಿನಲ್ಲಿಟ್ಟು ಏನು ಪ್ರಯೋಜನ?

ಯಂತ್ರ ಹಳೆಯದಾದಾಗ, ಡಿಸ್ಕ್ ತುಂಬಿದಾಗ ರೆಪ್ಲಿಕಾ ಮನೆ ಬದಲಿಸಬೇಕಾಗುತ್ತದೆ. ನಾವು ‘ಸ್ಥಳಾಂತರ’ ಎನ್ನುತ್ತೇವೆ ನಿಜ. ಆದರೆ ಅಲ್ಲಿ ಯಾವುದೂ ಜಾಗ ಬಿಟ್ಟು ಕದಲುವುದಿಲ್ಲ. ಸೋಲರ್‌ಗೆ ‘ಮೂವ್‌ರೆಪ್ಲಿಕಾ’ ಎಂದು ಆದೇಶ ಕೊಟ್ಟರೆ ಅದು ಮೊದಲು ಹೊಸ ನೋಡ್‌ನಲ್ಲಿ ಇನ್ನೊಂದು ಪ್ರತಿ ಹುಟ್ಟಿಸುತ್ತದೆ. ಆ ಪ್ರತಿ ದತ್ತಾಂಶವನ್ನೆಲ್ಲ ತುಂಬಿಕೊಂಡು, ಈ ನಡುವೆ ಬಂದ ಬದಲಾವಣೆಗಳನ್ನೂ ಸೇರಿಸಿಕೊಂಡು ಸಜ್ಜಾಗುವವರೆಗೆ ಕಾಯುತ್ತದೆ. ಹಳೆಯದನ್ನು ಅಳಿಸುವುದು ಆಮೇಲೆ.

ಈ ಕಾಯುವಿಕೆಯೇ ಹೊಸಬರಿಗೆ ಕಷ್ಟ. ಒಮ್ಮೆ ದೀಪಾವಳಿ ಮಾರಾಟಕ್ಕೆ ಮುಂಚೆ ನಮ್ಮ ಒಂದು ನೋಡ್‌ನ ಡಿಸ್ಕ್ ಶೇ. 90 ದಾಟಿತು. ಹೊಸದಾಗಿ ಸೇರಿದ್ದ ಹುಬ್ಬಳ್ಳಿಯ ಹುಡುಗ, “ಸರ್, ಹಳೇದನ್ನ ಮೊದಲು ತೆಗೆದುಬಿಡೋಣ್ರೀ, ಜಾಗ ಆಗ್ತದ. ಆಮ್ಯಾಲೆ ಬ್ಯಾರೆ ಕಡೆ ಮಾಡ್ಕೊಂಡ್ರಾತು” ಎಂದ. ಲೆಕ್ಕ ಹಾಕೋಣ ಬಾ ಎಂದೆ. ಇಲಾಸ್ಟಿಕ್‌ಸರ್ಚ್ ಇಂಥ ನಕಲಿಗೆ ಸಾಮಾನ್ಯವಾಗಿ ಸೆಕೆಂಡಿಗೆ 40 ಎಂಬಿ ಮಿತಿ ಹಾಕಿಕೊಂಡಿರುತ್ತದೆ, ಹುಡುಕುತ್ತಿರುವ ಗ್ರಾಹಕರಿಗೆ ತೊಂದರೆಯಾಗದಿರಲೆಂದು. 200 ಜಿಬಿ ಸಾಗಲು ಸುಮಾರು 85 ನಿಮಿಷ. ನಮ್ಮಲ್ಲಿದ್ದದ್ದು ಎರಡೇ ಪ್ರತಿ. ಒಂದನ್ನು ಅಳಿಸಿದರೆ ಆ 85 ನಿಮಿಷವೂ ಉಳಿದ ಒಂದೇ ಪ್ರತಿಯ ಮೇಲೆ ವ್ಯಾಪಾರವೆಲ್ಲ ನಿಂತಿರುತ್ತದೆ. ಅದೂ ಕೆಟ್ಟರೆ ಇಂಡೆಕ್ಸನ್ನು ಮೊದಲಿನಿಂದ ಕಟ್ಟಬೇಕು. ಹಬ್ಬ ಮುಗಿದೇ ಹೋಗುತ್ತದೆ!

ಹಾಗೆಂದು ಸುಮ್ಮನೆ ಕೂರುವಂತೆಯೂ ಇರಲಿಲ್ಲ. ಡಿಸ್ಕ್ ಶೇ. 85 ಮುಟ್ಟಿದರೆ ಇಲಾಸ್ಟಿಕ್‌ಸರ್ಚ್ ಆ ನೋಡ್‌ಗೆ ಹೊಸ ರೆಪ್ಲಿಕಾ ಕಳಿಸುವುದಿಲ್ಲ. 90 ದಾಟಿದರೆ ಇರುವುದನ್ನೇ ಬೇರೆಡೆ ಸಾಗಿಸಲು ನೋಡುತ್ತದೆ. 95 ದಾಟಿದರೆ ಅಲ್ಲಿ ಶಾರ್ಡ್ ಇರುವ ಇಂಡೆಕ್ಸ್‌ಗಳಿಗೆ ಬರೆಯುವುದನ್ನೇ ತಡೆಯುತ್ತದೆ. ಆದರೆ ಉಳಿದ ನೋಡ್‌ಗಳೂ 85ರ ಆಸುಪಾಸಿನಲ್ಲಿದ್ದವು, ಸಾಗಿಸುವುದಾದರೂ ಎಲ್ಲಿಗೆ? ಹಾಗಾಗಿ ಖಾಲಿ ನೋಡ್ ಒಂದನ್ನು ಸೇರಿಸಿ, ಒಂದೊಂದೇ ಶಾರ್ಡನ್ನು ಅತ್ತ ಕಳಿಸಿದೆವು. ಬೆಳಗಿನ ಜಾವ ಮುಗಿಯಿತು. ಗ್ರಾಹಕರಿಗೆ ಏನೂ ಗೊತ್ತಾಗಲಿಲ್ಲ. ನಮ್ಮ ಕಸುಬಿನಲ್ಲಿ ಅದೇ ಶಭಾಸ್‌ಗಿರಿ.

ಡಿಸ್ಕ್ ಶೇ. 70ರಲ್ಲಿರುವಾಗಲೇ ಹೊಸ ನೋಡ್ ಕೇಳಿಬಿಡಿ ಎಂದು ಈ ಕೆಲಸದಲ್ಲಿರುವ ತಮ್ಮ ತಂಗಿಯರಿಗೆ ಹೇಳುತ್ತೇನೆ. ಖಾಲಿ ಜಾಗ ದಂಡ ಎಂದು ಲೆಕ್ಕಪತ್ರದವರು ಗೊಣಗಬಹುದು. ಎರಡು ಪ್ರತಿಗಳು ಒಂದಿಷ್ಟು ಹೊತ್ತು ಮೂರಾಗಿ ಇರಲು ಬೇಕಾದದ್ದು ಆ ಜಾಗವೇ.