ಬಲಗುಂದಿದ ಬೆಕ್ಕುಗಳಿಗೆ ತಗಲುವ ಬೂಷ್ಟುರೋಗಗಳು

ಗಂಗಾವತಿ ಸೀಮೆಯ ಭತ್ತದ ಕಣಜಗಳಲ್ಲಿಯೂ, ಕುಷ್ಟಗಿ ಯಲಬುರ್ಗಾ ಕಡೆಯ ಜೋಳದ ಚೀಲಗಳ ನಡುವೆಯೂ, ಕೊಪ್ಪಳಕ್ಕೆ ಹೊಂದಿಕೊಂಡಿರುವ ಭಾಗ್ಯನಗರದ ನೇಕಾರರ ನೂಲಿನ ಗಂಟುಗಳ ಬಳಿಯಲ್ಲಿಯೂ ಇಲಿಗಳನ್ನು ತಡೆಯುವ ಕಾವಲು ಬೆಕ್ಕಿನದೇ ಆಗಿರುತ್ತದೆ. ಎತ್ತು ಕುಂಟಿದರೆ ಪಶುವೈದ್ಯರಲ್ಲಿಗೆ ಧಾವಿಸುವ ಜಮೀನುದಾರರು, ಬೆಕ್ಕಿನ ಕೂದಲು ಉದುರಿದರೆ ಲೆಕ್ಕಿಸದಿರುವುದುಂಟು. ಆ ಕೂದಲಿನೊಡನೆ ರೋಗವು ಮಕ್ಕಳ ಹಾಸಿಗೆಗೂ ಬರುವುದೆಂಬುದನ್ನು ಗ್ರಾಮದ ಮುಖಂಡರು ಅರಿಯತಕ್ಕದ್ದು.

ಇವುಗಳಲ್ಲಿ ಹೆಚ್ಚಾಗಿ ಕಾಣುವುದು ಗಜಕರ್ಣ. ಮೈಕ್ರೋಸ್ಪೋರಂ ಕೇನಿಸ್ ಎಂಬ ಬೂಷ್ಟು ಇದಕ್ಕೆ ಮುಖ್ಯ ಕಾರಣ. ಮುಖ, ಕಿವಿ, ಮುಂಗಾಲುಗಳಲ್ಲಿ ದುಂಡಗೆ ಕೂದಲುದುರಿ ಹೊಟ್ಟು ಏಳುತ್ತದೆ. ಪುಷ್ಟವಾದ ಬೆಕ್ಕಿನಲ್ಲಿ ಇದು ಕೆಲವು ತಿಂಗಳುಗಳಲ್ಲಿ ತಾನಾಗಿಯೇ ಇಳಿಯಬಹುದು. ರೋಗವನ್ನೆದುರಿಸುವ ಶಕ್ತಿ ಕುಂದಿದ್ದರೆ ಮೈಯೆಲ್ಲಾ ಹಬ್ಬಿ ಬಹುಕಾಲ ನಿಲ್ಲುತ್ತದೆ. ಅನ್ನವಿಲ್ಲದ ಮರಿ, ಮುದಿ ಬೆಕ್ಕು, ಹೊಟ್ಟೆಯಲ್ಲಿ ಹುಳುಗಳಿರುವ ಬೆಕ್ಕು ಇವು ಹೀಗೆ ಬಲಗುಂದಿರುತ್ತವೆ. ಇದಲ್ಲದೆ 1964ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಂಡುಹಿಡಿದ ಬೆಕ್ಕಿನ ಲ್ಯುಕೇಮಿಯಾ ವೈರಸ್ಸೂ, 1986ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗೊತ್ತಾದ ರೋಗನಿರೋಧಶಕ್ತಿ ಕುಂದಿಸುವ ವೈರಸ್ಸೂ ಉಂಟು. ಎರಡನೆಯದು ಗಂಡುಬೆಕ್ಕುಗಳ ಕಾದಾಟದ ಕಡಿತದಿಂದ ಹರಡುತ್ತದೆ. ಈ ಎರಡೂ ವೈರಸ್ಸುಗಳು ಮನುಷ್ಯರಿಗೆ ಅಂಟುವುದಿಲ್ಲ; ಗಜಕರ್ಣವಾದರೋ ಅಂಟುವುದು.

ಕಣ್ಣಂದಾಜಿನಿಂದ ರೋಗವನ್ನು ನಿರ್ಣಯಿಸಕೂಡದು; ಕಜ್ಜಿಯೂ ಚಿಗಟದ ಹುಣ್ಣೂ ಹೀಗೆಯೇ ತೋರುತ್ತವೆ. ವೈದ್ಯರು ಕತ್ತಲೆಯಲ್ಲಿ ವುಡ್ಸ್ ದೀಪದ ನೇರಳಾತೀತ ಬೆಳಕನ್ನು ಹಾಯಿಸಿದಾಗ ರೋಗದ ಕೂದಲು ಹಸುರಾಗಿ ಹೊಳೆಯಬಹುದು. ಹೊಳೆಯದಿದ್ದ ಮಾತ್ರಕ್ಕೆ ರೋಗವಿಲ್ಲವೆಂದಲ್ಲ. ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಹೊಸ ಹಲ್ಲುಜ್ಜುವ ಬ್ರಷ್ಷಿನಿಂದ ಮೈಯನ್ನು ಬಾಚಿ ತೆಗೆದದ್ದನ್ನು ಬೆಳೆಸಿ ನೋಡುವುದೇ ಭರವಸೆಯ ಕ್ರಮ. ಇದಕ್ಕೆ ಎರಡು ಮೂರು ವಾರ ಹಿಡಿಯುತ್ತದೆ. ವಾಸಿಯಾಗದೆ ಮರುಕಳಿಸಿದರೆ ಮೇಲೆ ಹೇಳಿದ ವೈರಸ್ಸುಗಳಿಗಾಗಿ ರಕ್ತಪರೀಕ್ಷೆ ಮಾಡಿಸತಕ್ಕದ್ದು.

ಮೂಗಿನ ದಿಂಡು ಊದಿ, ಬಿಡದ ಸೀನು, ಮಾಯದ ಹುಣ್ಣು ಕಂಡರೆ ಅದು ಗಜಕರ್ಣವಲ್ಲ, ಕ್ರಿಪ್ಟೋಕಾಕಸ್ ಇರಬಹುದು. ಪಾರಿವಾಳದ ಹಿಕ್ಕೆಯಲ್ಲಿ ಬೆಳೆಯುವ ಈ ಬೂಷ್ಟು ಉಸಿರಿನೊಡನೆ ಒಳಹೊಕ್ಕು ಮಿದುಳಿಗೂ ಏರುತ್ತದೆ. ಗೋದಾಮಿನ ತೊಲೆಗಳಲ್ಲಿ ಪಾರಿವಾಳಗಳು ನೆಲಸಿದ್ದರೆ, ಹಿಕ್ಕೆಯನ್ನು ಒಣಗಿದಂತೆಯೇ ಗುಡಿಸದೆ ನೀರು ಚಿಮುಕಿಸಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ತೆಗೆಯಬೇಕು. ಇದರ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯತಕ್ಕದ್ದು.

ಗಜಕರ್ಣಕ್ಕೆ ವೈದ್ಯರು ಇಟ್ರಾಕೊನಜೋಲ್ ಔಷಧವನ್ನು ದೇಹದ ತೂಕದ ಒಂದೊಂದು ಕಿಲೋಗೆ 5 ಮಿಲಿಗ್ರಾಂನಂತೆ ದಿನಕ್ಕೊಮ್ಮೆ, ಒಂದು ವಾರ ಕೊಟ್ಟು ಒಂದು ವಾರ ಬಿಟ್ಟು, ಮೂರು ಸಲ ಕೊಡಿಸುವುದುಂಟು. ಜೊತೆಗೆ ವಾರಕ್ಕೆರಡು ಬಾರಿ ಸುಣ್ಣ-ಗಂಧಕದ ದ್ರಾವಣದಿಂದ ಮೈ ತೊಯ್ಯಿಸುವರು. ತೋಟಕ್ಕೆ ಸಿಂಪಡಿಸುವ ಹದದಲ್ಲಿ ಇದನ್ನು ಬಳಸಕೂಡದು. ಹಳೆಯ ಗ್ರೀಸಿಯೋಫುಲ್ವಿನ್ ಮಾತ್ರೆಯು ವೈರಸ್ಸಿನಿಂದ ಬಲಗುಂದಿದ ಬೆಕ್ಕಿಗೂ ಗಬ್ಬದ ಬೆಕ್ಕಿಗೂ ಅಪಾಯಕರ. ಕೂದಲು ಬಂದಿತೆಂದು ಔಷಧವನ್ನು ನಿಲ್ಲಿಸಬಾರದು. ಮತ್ತೆ ಬೆಳೆಸಿ ನೋಡಿದಾಗ ಬೂಷ್ಟು ಕಾಣದಿರಬೇಕು.

ಫಿನಾಯಿಲ್, ಸೀಮೆಎಣ್ಣೆ, ಯಂತ್ರದ ಕರಿಯೆಣ್ಣೆ ಇವುಗಳನ್ನು ಹಚ್ಚುವ ಪದ್ಧತಿಯನ್ನು ಮುಖಂಡರು ನಿಲ್ಲಿಸಬೇಕು. ಬೆಕ್ಕು ಮೈ ನೆಕ್ಕುವ ಪ್ರಾಣಿಯಾದುದರಿಂದ ಹಚ್ಚಿದ್ದೆಲ್ಲಾ ಹೊಟ್ಟೆಗೆ ಸೇರುವುದು. ಫಿನಾಯಿಲನ್ನು ಅರಗಿಸುವ ಶಕ್ತಿಯಂತೂ ಅದರ ಯಕೃತ್ತಿಗಿಲ್ಲ. ಅಂಗಡಿಯ ಸ್ಟಿರಾಯ್ಡ್ ಮುಲಾಮು ತುರಿಕೆಯನ್ನು ಅಡಗಿಸಿ ಬೂಷ್ಟನ್ನು ಬೆಳೆಸುತ್ತದೆ.

ರೋಗಿ ಬೆಕ್ಕನ್ನು ಗೋಣಿಯಲ್ಲಿ ಕಟ್ಟಿ ಕಾಲುವೆಯಾಚೆ ಬಿಟ್ಟುಬರುವವರೂ ಉಂಟು. ರೋಗವು ಆಚೆಯ ಊರಿಗೆ ಹೋಗುವುದು, ಬೂಷ್ಟಿನ ಬೀಜಗಳು ಉದುರಿದ ಕೂದಲಿನಲ್ಲಿ ವರ್ಷಕ್ಕೂ ಮೀರಿ ಈ ಮನೆಯಲ್ಲಿಯೇ ಉಳಿಯುವುವು, ಕಣಜವು ಇಲಿಗಳ ಪಾಲಾಗುವುದು. ಅದರ ಬದಲು ಬೆಕ್ಕನ್ನು ತೊಳೆಯಲು ಬರುವ ಒಂದು ಕೋಣೆಯಲ್ಲಿಟ್ಟು, ಕೂದಲನ್ನು ದಿನವೂ ಒರೆಸಿ ತೆಗೆದು, ಹಾಸುಬಟ್ಟೆಗಳನ್ನು ಒಗೆದು, ನೆಲವನ್ನು ತೆಳುವಾದ ಬ್ಲೀಚಿಂಗ್ ನೀರಿನಿಂದ ತೊಳೆದು ಒಣಗಿದ ಮೇಲೆ ಬೆಕ್ಕನ್ನು ಒಳಬಿಡತಕ್ಕದ್ದು. ಮನೆಯವರ ಮೈಮೇಲೆ ದುಂಡಾದ ಕೆಂಪು ಮಚ್ಚೆ ಎದ್ದರೆ ವೈದ್ಯರಿಗೆ ಬೆಕ್ಕಿನ ಸಂಗತಿಯನ್ನೂ ತಿಳಿಸಬೇಕು.