ಪಾರ್ಕಿನ್ಸನ್ ವ್ಯಾಧಿ: ಮುಖಭಾವ, ಮಕ್ಕಳು ಮತ್ತು ಲೋಕದ ಅಪಾರ್ಥ

ಒಬ್ಬರ ಮನಸ್ಸನ್ನು ಇನ್ನೊಬ್ಬರು ನೇರವಾಗಿ ಕಾಣಲಾರರು. ಮುಖದ ಚಲನೆ, ಧ್ವನಿಯ ಏರಿಳಿತ, ನಡಿಗೆ, ಕೈಸನ್ನೆ ಇವುಗಳಿಂದ ಅದನ್ನು ಊಹಿಸಿಕೊಳ್ಳುತ್ತಾರೆ. ಈ ಊಹೆ ಸಾಮಾನ್ಯವಾಗಿ ಸರಿಯಾಗಿಯೇ ಇರುವುದರಿಂದ ಅದು ಊಹೆಯೆಂಬುದೇ ನಮಗೆ ಮರೆತುಹೋಗುತ್ತದೆ. ಪಾರ್ಕಿನ್ಸನ್ ವ್ಯಾಧಿಯಾದರೋ ಈ ಬಾಹ್ಯ ಚಿಹ್ನೆಗಳನ್ನೇ ಕೆಡಿಸುತ್ತದೆ. ಆದುದರಿಂದ ರೋಗಿಗೆ ಒದಗುವ ಕಷ್ಟ ಎರಡು ಬಗೆಯದು: ಒಂದು ದೇಹದ್ದು, ಮತ್ತೊಂದು, ಇತರರು ಆ ದೇಹವನ್ನು ತಪ್ಪಾಗಿ ಅರ್ಥಮಾಡಿಕೊಳ್ಳುವುದರಿಂದ ಬರುವಂಥದು. ಎಳೆಯ ಮಕ್ಕಳನ್ನು ಸಾಕುತ್ತಿರುವ ತಂದೆತಾಯಿಗಳಲ್ಲಿ ಈ ಎರಡನೆಯ ಕಷ್ಟ ಯಾವ ರೂಪ ತಾಳುತ್ತದೆಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಅಪಾರ್ಥಕ್ಕೆ ಹೆಸರೂ ಒಂದು ಕಾರಣವೆನ್ನಬಹುದು. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಮಂದಿ ರೋಗಿಗಳ ಸ್ಥಿತಿಯನ್ನು ವರ್ಣಿಸಿ ಒಂದು ಕಿರುಗ್ರಂಥವನ್ನು ಪ್ರಕಟಿಸಿದನು. ಅದರಲ್ಲಿ ಆತನು ಬಳಸಿದ್ದು 'ನಡುಗುವ ಲಕ್ವ' ಎಂಬರ್ಥದ ಹೆಸರು. ಆಯುರ್ವೇದದ 'ಕಂಪವಾತ' ಎಂಬ ಮಾತೂ ನಡುಕವನ್ನೇ ಮುಂದಿಡುತ್ತದೆ. ಈ ರೋಗಿಗಳಲ್ಲಿ ನಿಜವಾದ ಲಕ್ವವಿಲ್ಲ, ಎಲ್ಲರಿಗೂ ನಡುಕವೂ ಇರುವುದಿಲ್ಲ ಎಂಬುದನ್ನು ಗಮನಿಸಿ, ರೋಗಕ್ಕೆ ಪಾರ್ಕಿನ್ಸನ್ನನ ಹೆಸರನ್ನೇ ಇಡುವುದು ಯುಕ್ತವೆಂದು ಸೂಚಿಸಿದವನು ಫ್ರಾನ್ಸಿನ ಶಾರ್ಕೋ. ಚಲನೆಯ ಮಾಂದ್ಯವೂ ಸ್ನಾಯುಗಳ ಬಿಗಿತವೂ ನಡುಕದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಬಾಧಿಸುತ್ತವೆ. ಆದರೂ ನಡುಗದವನಿಗೆ ರೋಗವೇ ಇಲ್ಲವೆಂದೂ, ತಡವರಿಸುತ್ತ ನಡೆಯುವವನು ಕುಡಿದಿದ್ದಾನೆಂದೂ ಜನ ಭಾವಿಸುವುದುಂಟು. ಅಕ್ಷರಗಳು ಬರಬರುತ್ತ ಚಿಕ್ಕವಾಗುವುದೂ ಈ ರೋಗದ ಲಕ್ಷಣವೇ. ಬ್ಯಾಂಕಿನಲ್ಲಿ ರುಜು ಹೊಂದಿಕೆಯಾಗದಿದ್ದಾಗ ಅದು ಸಂಶಯಕ್ಕೆ ಆಸ್ಪದವಾಗುತ್ತದೆ.

ರೋಗದ ಮೂಲವಿರುವುದು ಮಿದುಳಿನಲ್ಲಿ. ನಡುಮಿದುಳಿನ 'ಕಪ್ಪು ದ್ರವ್ಯ' ಎಂಬ ಭಾಗದ ನರಕೋಶಗಳು ಕ್ರಮೇಣ ನಶಿಸಿ, ಅವು ಒದಗಿಸುವ ಡೋಪಮೈನ್ ಎಂಬ ರಾಸಾಯನಿಕ ಕಡಮೆಯಾಗುತ್ತದೆ. ಈ ಕೊರತೆಯನ್ನು 1960ರಲ್ಲಿ ವಿಯೆನ್ನಾದ ಎಹ್ರಿಂಗರ್ ಮತ್ತು ಹಾರ್ನಿಕೀವಿಚ್ ತೋರಿಸಿಕೊಟ್ಟರು. 1967ರಲ್ಲಿ ಕೋಟ್ಸಿಯಾಸ್, ಮಿದುಳಿನಲ್ಲಿ ಡೋಪಮೈನ್ ಆಗಿ ಮಾರ್ಪಡುವ ಲೆವೊಡೋಪ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ಬಾಯಿಯ ಮೂಲಕ ಕೊಟ್ಟು ಗಣನೀಯ ಫಲ ಪಡೆದನು. ಇಂದಿಗೂ ಇದೇ ಮುಖ್ಯ ಔಷಧ. ಇದು ರೋಗವನ್ನು ಗುಣಪಡಿಸುವುದಿಲ್ಲ, ಲಕ್ಷಣಗಳನ್ನು ತಗ್ಗಿಸುತ್ತದೆ. ವರ್ಷಗಳು ಕಳೆದಂತೆ ಒಂದೊಂದು ಮಾತ್ರೆಯ ಪರಿಣಾಮದ ಅವಧಿ ಕುಗ್ಗುತ್ತದೆ. ಮೇಲಾಗಿ, ಔಷಧದ ಪ್ರಭಾವದಿಂದಲೇ ಮೈ ತೂಗಾಡುವ, ಹೊರಳಾಡುವ ಅನೈಚ್ಛಿಕ ಚಲನೆಗಳು ಹಲವರಲ್ಲಿ ತೋರುತ್ತವೆ.

ಈ ಕಡೆಯ ಅಂಶವನ್ನು ಅರಿಯದೆ ಮಾಡಿದ ಅಪಾರ್ಥಕ್ಕೆ ಅಮೆರಿಕದಲ್ಲಿ ನಡೆದ ಒಂದು ಪ್ರಸಂಗ ನಿದರ್ಶನ. ಚಲನಚಿತ್ರ ನಟ ಮೈಕೆಲ್ ಜೆ. ಫಾಕ್ಸ್ ಅವರಿಗೆ ಈ ರೋಗವಿದೆಯೆಂದು 1991ರಲ್ಲಿ, ಅವರ 29ನೆಯ ವಯಸ್ಸಿನಲ್ಲಿ, ನಿರ್ಧಾರವಾಯಿತು. ಆಗ ಅವರ ಮನೆಯಲ್ಲಿ ಎಳೆಯ ಮಗನಿದ್ದನು. ಮುಂದೆ ಇನ್ನೂ ಮೂವರು ಹೆಣ್ಣುಮಕ್ಕಳು ಹುಟ್ಟಿದರು. ಏಳು ವರ್ಷ ಮರೆಮಾಡಿದ್ದ ಸಂಗತಿಯನ್ನು ಅವರು 1998ರಲ್ಲಿ ಬಹಿರಂಗಪಡಿಸಿದರು. 2006ರಲ್ಲಿ ಚುನಾವಣಾ ಪ್ರಚಾರಚಿತ್ರವೊಂದರಲ್ಲಿ ಅವರ ಮೈ ತೂಗಾಡುತ್ತಿದ್ದುದನ್ನು ಕಂಡು ರೇಡಿಯೋ ವ್ಯಾಖ್ಯಾನಕಾರ ರಷ್ ಲಿಂಬಾ, ಇದು ನಟನೆ, ಇಲ್ಲವೇ ಬೇಕೆಂದೇ ಔಷಧ ಬಿಟ್ಟುದರ ಫಲ ಎಂಬರ್ಥದಲ್ಲಿ ಆಡಿದನು. ವಾಸ್ತವವಾಗಿ ಅಂಥ ತೂಗಾಟ ಔಷಧ ತೆಗೆದುಕೊಂಡಿರುವುದರ ಗುರುತು. ಚಿಹ್ನೆಯನ್ನು ನೋಡಿದವನು ಅದರ ಕಾರಣವನ್ನು ತಲೆಕೆಳಗಾಗಿ ಊಹಿಸಿದ್ದನು.

ರೋಗ ಬಹುಮಟ್ಟಿಗೆ ಅರುವತ್ತರ ಅನಂತರ ತೋರಿಕೊಳ್ಳುವಂಥದೇ ಆದರೂ, ಐವತ್ತರೊಳಗೆ ಆರಂಭವಾಗುವುದೂ ಉಂಟು. ಹಾಗಾದಾಗ ಇದೇ ಬಗೆಯ ಅಪಾರ್ಥ ಮನೆಯೊಳಗೂ ತಲೆದೋರುತ್ತದೆ. ಔಷಧ ಕೆಲಸಮಾಡುತ್ತಿರುವಾಗ ತಾಯಿ ಮಗಳಿಗೆ ಜಡೆ ಹೆಣೆಯಬಲ್ಲಳು. ಅದರ ಬಲ ಇಳಿದ ಮೇಲೆ ಅಂಗಿಯ ಗುಂಡಿಯನ್ನೂ ಹಾಕಲಾರಳು. ನೋಡುವವರು 'ಮನಸ್ಸಿದ್ದರೆ ಮಾಡುತ್ತಾಳೆ, ಇಲ್ಲದಿದ್ದರೆ ಇಲ್ಲ' ಎನ್ನುತ್ತಾರೆ. ಇಲ್ಲಿ ಬದಲಾದದ್ದು ಮನಸ್ಸಲ್ಲ, ಔಷಧದ ಬಲ. ಬಾಗಿಲ ಬಳಿ ಕಾಲು ನೆಲಕ್ಕೆ ಅಂಟಿದಂತಾಗಿ ತಂದೆ ನಿಂತುಬಿಟ್ಟರೆ ಅದೂ ಹಟವಲ್ಲ. ಅವಸರಪಡಿಸಿದಷ್ಟೂ ಅದು ಹೆಚ್ಚಬಹುದು. ತಾಳ ಹಾಕಿ ಎಣಿಸಿದರೆ, ನೆಲದ ಮೇಲಿನ ಗೆರೆಯೊಂದನ್ನು ತೋರಿಸಿ ದಾಟೆಂದರೆ, ಅನೇಕರು ಹೆಜ್ಜೆ ಕೀಳಬಲ್ಲರು. ಇದನ್ನು ಹತ್ತು ವರ್ಷದ ಮಗುವೂ ಕಲಿಯಬಹುದು.

ಎಲ್ಲಕ್ಕಿಂತ ಸೂಕ್ಷ್ಮವಾದುದು ಮುಖದ ವಿಷಯ. ಮುಖದ ಸ್ನಾಯುಗಳ ಚಲನೆ ಮಂದವಾಗಿ ಮುಖ ಮುಖವಾಡದಂತೆ ಕಾಣುತ್ತದೆ, ಧ್ವನಿಯೂ ತಗ್ಗುತ್ತದೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾನಿಲಯದ ಲಿಂಡಾ ಟಿಕಲ್-ಡೆಗ್ನನ್ ಮತ್ತು ಅವರ ಸಂಗಡಿಗರ ಅಧ್ಯಯನಗಳ ಪ್ರಕಾರ, ಇಂಥ ಮುಖವನ್ನು ನೋಡಿದವರು ರೋಗಿಯ ಸ್ವಭಾವವನ್ನೇ ತಪ್ಪಾಗಿ ಅಳೆಯುತ್ತಾರೆ. ಚಿಕಿತ್ಸಾವೃತ್ತಿಯವರೂ ಇದಕ್ಕೆ ಹೊರತಲ್ಲ. ಹೀಗಿರಲು ಮಗುವಿನ ಪಾಡೇನು? ಬಹುಮಾನ ತಂದು ತೋರಿಸಿದರೂ ಅಪ್ಪನ ಮುಖ ಅರಳದಿದ್ದರೆ, ತನ್ನಿಂದ ಏನೋ ತಪ್ಪಾಗಿದೆಯೆಂದು ಮಗು ಎಣಿಸುವುದು ಸಹಜ. ಸಂತೋಷ ಅಲ್ಲಿದೆ, ಅದು ಮುಖಕ್ಕೆ ಬಂದು ಮುಟ್ಟಿಲ್ಲ.

ಆದರೆ ಸಪ್ಪೆ ಮುಖದ ಹಿಂದೆ ಯಾವಾಗಲೂ ನೆಮ್ಮದಿಯಿದೆಯೆಂದು ನಂಬುವುದೂ ತಪ್ಪು. ಖಿನ್ನತೆ, ನಿರುತ್ಸಾಹ, ನಿದ್ರಾಭಂಗ ಇವು ಈ ರೋಗದೊಡನೆ ಬರುವುದುಂಟು. ಅವಕ್ಕೂ ಚಿಕಿತ್ಸೆ ಬೇಕು. ಹೀಗಾಗಿ ಮುಖವನ್ನು ನೋಡಿ ತೀರ್ಮಾನಿಸುವುದಕ್ಕೆ ಬದಲು ಕೇಳಿ ತಿಳಿಯುವುದೊಂದೇ ಮಾರ್ಗ.

ಇದರಿಂದ ಗೃಹಜೀವನಕ್ಕೆ ಕೆಲವು ನಿಯಮಗಳು ಫಲಿಸುತ್ತವೆ. ರೋಗದ ಹೆಸರನ್ನು ಮಕ್ಕಳಿಗೆ ಅವರ ವಯಸ್ಸಿಗೆ ತಕ್ಕ ಮಾತಿನಲ್ಲಿ ಹೇಳತಕ್ಕದ್ದು. ಅದು ಅಂಟುರೋಗವಲ್ಲವೆಂದೂ, ಅವರ ತಂಟೆಯಿಂದ ಬಂದದ್ದಲ್ಲವೆಂದೂ ಸ್ಪಷ್ಟಪಡಿಸತಕ್ಕದ್ದು. ಮುಖ ಹೇಳಲಾರದುದನ್ನು ಬಾಯಿ ಹೇಳಬೇಕು: 'ನನಗೆ ಬಹಳ ಸಂತೋಷವಾಯಿತು, ಮಗೂ' ಎಂಬ ಒಂದು ಮಾತು ಆ ಮನೆಯಲ್ಲಿ ನಗುವಿನ ಕೆಲಸ ಮಾಡುತ್ತದೆ. ಮಕ್ಕಳೊಡನೆ ಮಾಡುವ ಕೆಲಸಗಳನ್ನು ಸಾಧ್ಯವಾದಷ್ಟೂ ಔಷಧ ಫಲಕಾರಿಯಾಗಿರುವ ಹೊತ್ತಿಗೆ ಹೊಂದಿಸಿಕೊಳ್ಳುವುದು ಲೇಸು. ಶಾಲೆಯ ಉಪಾಧ್ಯಾಯರಿಗೂ ನೆರೆಯವರಿಗೂ ವಿಷಯ ತಿಳಿದಿದ್ದರೆ, 'ನಿಮ್ಮಪ್ಪ ಕುಡಿದಿದ್ದರೇ?' ಎಂಬ ಪ್ರಶ್ನೆಗೆ ಉತ್ತರ ಹೇಳುವ ಭಾರ ಮಗುವಿನ ಮೇಲೆ ಬೀಳುವುದಿಲ್ಲ.

ನರಕೋಶಗಳ ನಾಶವನ್ನು ತಡೆಯುವ ಔಷಧ ಇನ್ನೂ ದೊರೆತಿಲ್ಲ. ಆದರೆ ಅಪಾರ್ಥವನ್ನು ತಡೆಯುವುದಕ್ಕೆ ಔಷಧಾಲಯದ ಅಗತ್ಯವಿಲ್ಲ. ಆ ಭಾಗದ ಚಿಕಿತ್ಸೆ ನೋಡುವವರಾದ ನಮ್ಮ ಕೈಯಲ್ಲಿಯೇ ಇದೆ.